ಚಾರ್ಜ್ ತೆಗೆದುಕೊಳ್ಳಲು ಹೋದದ್ದು

ಮನುಷ್ಯನ ಬದುಕೆಂದರೆ ಒಬ್ಬನ ಭಾರವನ್ನು ಇನ್ನೊಬ್ಬನ ಮೇಲೆ ದಾಟಿಸುವ ಸುದೀರ್ಘ ವ್ಯವಹಾರ. ಈ ತತ್ವ ತಪಸ್ಸಿನಿಂದ ಹೊಳೆದದ್ದಲ್ಲ. ದೇವದುರ್ಗದ ಬಸ್ಸಿನಲ್ಲಿ ಯಾರೋ ತಮ್ಮ ಉಳ್ಳಾಗಡ್ಡಿ ಚೀಲವನ್ನು ನನ್ನ ತೊಡೆಯ ಮೇಲಿಟ್ಟು ನಿದ್ದೆ ಹೋದಾಗ ಹೊಳೆದದ್ದು. ರಾಯಚೂರಿನ ಮನೆಯಿಂದ ದೇವದುರ್ಗದ ಕಚೇರಿಗೆ ಒಂಬತ್ತು ವರ್ಷ ಹೀಗೆ ಓಡಾಡಿದ ಗುಮಾಸ್ತ ನಾನು. ಆ ದಾರಿಯಲ್ಲಿ ಕಲಿತ ಇನ್ನೊಂದು ಪಾಠ, ‘ಚಾರ್ಜ್’ ಎಂಬ ಇಂಗ್ಲಿಷ್ ಪದವನ್ನು ನಂಬಬಾರದು ಎಂಬುದು. ಕಂಡಕ್ಟರ್ ಕೇಳುವ ಚಾರ್ಜ್ ಒಂದು, ದಾರಿಯ ಕಲ್ಮಲ ಊರು ದಾಟುವಷ್ಟರಲ್ಲಿ ಫೋನಿನಲ್ಲಿ ತೀರಿಹೋಗುವ ಚಾರ್ಜ್ ಇನ್ನೊಂದು. ಪೊಲೀಸರು ಲಾಠಿ ಹಿಡಿದು ಮಾಡುವುದೂ ಚಾರ್ಜೇ, ಆಮೇಲೆ ಕೋರ್ಟಿಗೆ ಹಾಕುವ ಶೀಟಿಗೂ ಅದೇ ಹೆಸರು. ಇಷ್ಟೊಂದು ವೇಷ ಹಾಕುವವನು ಮನುಷ್ಯನಾಗಿದ್ದರೆ ಯಾರೂ ಅವನಿಗೆ ಬಾಡಿಗೆ ಮನೆ ಕೊಡುತ್ತಿರಲಿಲ್ಲ.

ಎಲ್ಲಕ್ಕಿಂತ ಅಪಾಯದ್ದು ಕಚೇರಿಯ ಚಾರ್ಜ್. ವರ್ಗವಾದವನು ಕುರ್ಚಿ, ಕಪಾಟು, ಕಡತಗಳ ಪಟ್ಟಿ ಬರೆದು ಒಪ್ಪಿಸಬೇಕು. ಬಂದವನು ‘ಎಲ್ಲ ಸರಿಯಾಗಿದೆ’ ಎಂದು ಸಹಿ ಹಾಕಬೇಕು. ಮೇಲೆ ಸಾಹೇಬರ ಸಹಿ. ಆಮೇಲೆ ಇಲ್ಲದ್ದೆಲ್ಲ ಬಂದವನ ಕೊರಳಿಗೆ. ಮಾನ್ವಿಯಲ್ಲಿ ನನ್ನ ಗೆಳೆಯನೊಬ್ಬ ನೋಡದೆ ಸಹಿ ಹಾಕಿ, ತಾನು ಜನ್ಮದಲ್ಲಿ ಕಾಣದ ಟೈಪ್‌ರೈಟರೊಂದಕ್ಕೆ ನಿವೃತ್ತಿಯಾಗುವ ತನಕ ವಿವರಣೆ ಬರೆದ.

ಕಳೆದ ವರ್ಷ ನನಗೆ ರಾಯಚೂರಿಗೇ ವರ್ಗವಾಯಿತು. ಪರಸ್ಪರ ವರ್ಗಾವಣೆ: ನನ್ನ ಜಾಗಕ್ಕೆ ದೇವದುರ್ಗದವರೇ ಆದ ಬಸಲಿಂಗಪ್ಪನವರು, ಅವರ ಜಾಗಕ್ಕೆ ನಾನು. ಶನಿವಾರ ಸಂಜೆಯೊಳಗೆ ಚಾರ್ಜ್ ಆಗದಿದ್ದರೆ ಆದೇಶ ರದ್ದು. “ಈ ಸಲ ಚಾರ್ಜ್ ತಗೊಂಡ ಮ್ಯಾಲೇ ಮನಿಗೆ ಬರ್ರಿ,” ಎಂದಳು, ಒಂಬತ್ತು ವರ್ಷ ನನ್ನ ಊಟ ಎರಡೆರಡು ಸಲ ಬಿಸಿ ಮಾಡಿ ಬೇಸತ್ತ ಹೆಂಡತಿ.

ಗುರುವಾರ ರಾಯಚೂರಿನ ಕಚೇರಿಗೆ ಹೋದೆ. ಬಸಲಿಂಗಪ್ಪನವರು ಕುರ್ಚಿ ಒರೆಸಿ ಕೊಟ್ಟರು, ಚಹಾ, ಮಿರ್ಚಿ ಭಜಿ ತರಿಸಿದರು. ಅಲ್ಲೇ ನನಗೆ ಅನುಮಾನ ಶುರುವಾಯಿತು. ಮಿರ್ಚಿ ತಿಂದೆ, ಸಹಿ ಹಾಕಲಿಲ್ಲ. ಕುರ್ಚಿ ಎಣಿಸಿದೆ, ಹನ್ನೊಂದು. ಪಟ್ಟಿಯಲ್ಲೂ ಹನ್ನೊಂದು. ಇಷ್ಟು ಸರಿಯಾಗಿರುವುದು ಸರ್ಕಾರಿ ಕುರ್ಚಿಗಳ ಸ್ವಭಾವವಲ್ಲವೆಂದು ಮತ್ತೆ ಎಣಿಸಿದೆ. ಶುಕ್ರವಾರವೆಲ್ಲ ಕಡತಗಳಿಗೆ ಹೋಯಿತು. ಶನಿವಾರ ಉಳಿದದ್ದು ಮೂಲೆಯ ಕಪಾಟು. ಬೀಗವಿತ್ತು, ಕೀಲಿ ಇರಲಿಲ್ಲ.

“ಇದರಾಗ ಏನದ?” ಎಂದೆ.

“ಯಾರಿಗ್ಗೊತ್ರೀ ಸರ? ನಾನೂ ಹಂಗ ತಗೊಂಡೀನಿ, ನನ್ನ ಹಿಂದಿನವರೂ ಹಂಗ ತಗೊಂಡಾರ. ‘ಬೀಗ ಸಹಿತ ಕಪಾಟು ಒಂದು’ ಅಂತ ಬರದದ. ಕಪಾಟ ಅದ, ಬೀಗ ಅದ. ಮತ್ತೇನ್ ಬೇಕ್ರಿ?”

“ತಗದು ತೋರಸ್ರಿ.”

“ಯಪ್ಪಾ, ಕನ್ಯಾ ನೋಡಾಕ ಬಂದವರೂ ಇಷ್ಟು ನೋಡಂಗಿಲ್ರೀ! ಊರಾಗ ಮಗಳು ಬಾಣಂತಿ ಅದಾಳ, ಕೈ ಮುಗೀತೀನಿ, ಸಹಿ ಹಾಕ್ರಿ.”

ಇಂಥ ನೆವ ಹೇಳಿ ನಾನೂ ರಜೆ ಹಾಕಿದವನೇ, ಕರಗಲಿಲ್ಲ. ಬೀಗ ರಿಪೇರಿಯ ಕರೀಂಸಾಬರನ್ನು ಕರೆಸಿದೆ. ಅವರು ಬೀಗವನ್ನು ತಟ್ಟಿ, ಎಣ್ಣೆ ಬಿಟ್ಟು, “ನಿಜಾಮನ ಕಾಲದ್ದಿರಬೇಕ್ರಿ, ಅವಸರ ಮಾಡಿದ್ರ ಸಿಟ್ಟಾಗ್ತದ,” ಎಂದು ಬೀಡಿ ಹಚ್ಚಿದರು. ಬೀಗ ಕಳಚಿ ಬಿದ್ದಾಗ ಸಂಜೆಯಾಗಿ, ಮೇಲಿನ ಸಹಿ ಹಾಕಬೇಕಿದ್ದ ಸಾಹೇಬರ ಜೀಪು ಗೇಟು ದಾಟಿ ಮನೆಗೆ ಹೊರಟಿತ್ತು.

ಕಪಾಟಿನೊಳಗೆ ಏನೂ ಇರಲಿಲ್ಲ. ನಾನು ಕೈಯಾಡಿಸಿಯೂ ನೋಡಿದೆ. ಬಸಲಿಂಗಪ್ಪನವರು ಸಹಿಯಿಲ್ಲದ ಪಟ್ಟಿಯನ್ನು ಮಡಚಿಟ್ಟರು. ಅದು ಖಾಲಿಯೆಂದು ಖಚಿತಪಡಿಸಿಕೊಂಡ ಏಕೈಕ ಗುಮಾಸ್ತ ನಾನೇ. ಆದರೆ ಆ ಕಚೇರಿಯ ಗುಮಾಸ್ತ ನಾನಲ್ಲ.

ಆದೇಶ ರದ್ದಾಯಿತು. ಸೋಮವಾರ ನಾನು ದೇವದುರ್ಗದ ಕಚೇರಿಯಲ್ಲಿ ಹಾಜರಾದೆ.