ಜಗಳಕ್ಕಾಗಿ ಕಾದ ಮಾವ

ನಮ್ಮ ಸೋದರಮಾವನಷ್ಟು ಜಗಳವನ್ನು ಪ್ರೀತಿಸಿದವರು ಮಂಗಳೂರಿನಲ್ಲಿ ಇನ್ನೊಬ್ಬರಿಲ್ಲ. ಹಾಗೆಂದು ಅವರನ್ನು ಜಗಳಗಂಟರೆಂದು ತಿಳಿಯಬೇಡಿ! ಜೀವಮಾನದಲ್ಲಿ ಯಾರಿಗೂ ಎದುರಾಡಿದವರಲ್ಲ. ಅವರಿಗೆ ಬೇಕಾಗಿದ್ದುದು ಪರರ ಜಗಳ. ಬೋಳಾರದ ಹೆಂಚಿನ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯಾಗಿದ್ದ ಅವರು, ಜನ ಬಿ.ಎ.ಗೆ ಓದುವಷ್ಟು ಶ್ರದ್ಧೆಯಿಂದ ಕೆಲಸಗಾರರ ಜಗಳಗಳನ್ನು ಅಭ್ಯಾಸ ಮಾಡಿದ್ದರು.

ಆದಿತ್ಯವಾರ ಮನೆಯ ಚಾವಡಿಯಲ್ಲಿ ಅವರು ನಡೆಸುತ್ತಿದ್ದ ನ್ಯಾಯದ ಕ್ರಮವೇ ಬೇರೆ. ದೂರು ತಂದವನು ತನ್ನ ಪರ ಬಾಯಿ ಬಿಡುವ ಹಾಗಿಲ್ಲ; ಎದುರಾಳಿಯ ಪರವಾಗಿ ವಾದಿಸಬೇಕು! ಒಮ್ಮೆ ಆವೆಮಣ್ಣು ಹೊರುವವನಿಗೂ ಹೆಂಚಿನ ಅಚ್ಚು ಒತ್ತುವವನಿಗೂ ಮಾತಿಗೆ ಮಾತು ಬೆಳೆಯಿತು. ಮಣ್ಣಿನವನು ಅಚ್ಚಿನವನ ಕಷ್ಟವನ್ನು ಎಷ್ಟು ಚೆನ್ನಾಗಿ ಬಣ್ಣಿಸಿದನೆಂದರೆ, ಕೊನೆಗೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಇನ್ನೊಮ್ಮೆ ಮಾವ, ಕೆಲಸಗಾರರ ಮೇಲೆ ದೂರು ತಂದ ಕಾರ್ಖಾನೆಯ ಧಣಿಗಳನ್ನೇ ಹಾಗೆ ಕೂರಿಸಿಬಿಟ್ಟರು. ಭಟ್ಟಿಗೆ ಬೆಂಕಿ ಹಾಕುವವರ ಪರ ಮಾತಾಡಲು ಹೊರಟ ಧಣಿಗಳು, ಆವೇಶದಲ್ಲಿ, ಆ ಕೆಲಸಗಾರರು ಬಯಸಿದ್ದ ಮಧ್ಯಾಹ್ನದ ವಿಶ್ರಾಂತಿಯ ಜೊತೆಗೆ ಅವರು ಕನಸಿನಲ್ಲೂ ನೆನೆಸದ ಮಜ್ಜಿಗೆಯನ್ನೂ ಕೇಳಿದರು! ತಾವೇ ಕೇಳಿದ್ದನ್ನು ತಾವೇ ಇಲ್ಲವೆನ್ನುವುದು ಹೇಗೆ? ಮರುದಿನದಿಂದ ಮಜ್ಜಿಗೆ ಬಂತು.

ಆಮೇಲೆ ಮಾವನಿಗೆ ವಯಸ್ಸಾಯಿತು, ಕೆಲಸ ಬಿಟ್ಟರು. ಅತ್ತೆ ತೀರಿಹೋದರು. ಕಾರ್ಖಾನೆಗೆ ಯೂನಿಯನ್ ಬಂದು ಜಗಳಗಳೆಲ್ಲ ಅಲ್ಲಿಗೇ ಹೋದವು. ಆದರೂ ಮಾವ ಪ್ರತಿ ಆದಿತ್ಯವಾರ ಚಾವಡಿಯಲ್ಲಿ ಚಾಪೆ ಹಾಸಿ, ಬೆಲ್ಲ-ನೀರು ಇಟ್ಟು ಕಾಯುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಒಮ್ಮೆ ನನ್ನನ್ನೇ ಆಸೆಯಿಂದ ಕೇಳಿದರು: "ನಿನಗೂ ನಿನ್ನ ಹೆಂಡತಿಗೂ ಎಂತಾದರೂ ಉಂಟಾ ಮಾರಾಯ?" ಇಲ್ಲವೆಂದಾಗ ಅವರ ಮುಖ ಬಾಡಿತು. ಸುಳ್ಳಾದರೂ ಹೇಳಬೇಕಿತ್ತೆಂದು ಇಂದಿಗೂ ಅನಿಸುತ್ತದೆ.

ಒಂದು ಆದಿತ್ಯವಾರ ಅದೇ ಮಣ್ಣಿನವನೂ ಅಚ್ಚಿನವನೂ ಮುಖ ಊದಿಸಿಕೊಂಡು ಬಂದರು. ಮಾವನಿಗೆ ಹೋದ ಜೀವ ಬಂತು! ಕ್ರಮದಂತೆ, ಎದುರಾಳಿಯ ಪರ ಮಾತಾಡೆಂದು ಮಣ್ಣಿನವನಿಗೆ ಹೇಳಿದರು. ಅವನು ತಲೆ ಕೆರೆದುಕೊಂಡು ಅಚ್ಚಿನವನನ್ನು ನೋಡಿದ. ಅಚ್ಚಿನವನು ನೆಲ ನೋಡಿದ.

"ಇವನ ದೂರು ಎಂತ ಅಂತ ಬರುವಾಗ ಮಾತಾಡಿಕೊಳ್ಳಲಿಕ್ಕೆ ಮರೆತುಹೋಯ್ತು, ಮೇಸ್ತ್ರಿಗಳೇ," ಎಂದ ಮಣ್ಣಿನವನು.

ಮಾವ ಇಬ್ಬರ ಮುಖವನ್ನೂ ನೋಡಿದರು. ಯಾವ ಜಗಳವನ್ನೂ ಮರುದಿನಕ್ಕೆ ಉಳಿಸಿದವರಲ್ಲ ಅವರು. ಬೆಲ್ಲದ ತಟ್ಟೆಯನ್ನು ಇಬ್ಬರ ಕಡೆಗೂ ಸರಿಸಿದರು. ಕಣ್ಣು ತುಂಬಿತ್ತು.

"ಇದು ದೊಡ್ಡ ಜಗಳ," ಎಂದರು. "ಒಂದು ದಿನಕ್ಕೆ ಮುಗಿಯುದಿಲ್ಲ. ಬರುವ ಆದಿತ್ಯವಾರವೂ ಬನ್ನಿ."