ರುಚಿ ನೋಡದ ಬೇಕರಿಯವನು

ಕೇಕಿನ ತಟ್ಟೆಯನ್ನು ಒಲೆಯೊಳಗೆ ನೂಕಲು ಬಗ್ಗಿದಾಗ ಬೇಕರಿಯವನ ಪ್ಯಾಂಟಿನ ಗುಂಡಿ ಟಪ್ಪನೆ ಹಾರಿಹೋಯಿತು. ಅದನ್ನು ಹುಡುಕಿ ತೆಗೆದವಳು ಹೆಂಡತಿ.

"ಡಾಕ್ಟ್ರು ಹೇಳಿದ್ದು ಕಿವಿಗೆ ಬಿತ್ತೋ ಇಲ್ವೋ? ರಕ್ತದಲ್ಲಿ ಸಕ್ಕರೆ ಕುಣೀತಿದೆ, ನೀವಿನ್ನೂ ಬಾಯಾಡಿಸ್ತಾನೇ ಇದ್ದೀರಿ. ಇನ್ನೊಂದು ಚೂರು ಕೇಕ್ ಬಾಯಿಗೆ ಹೋದ್ರೆ ನಾನು ತವರಿಗೆ!"

ನಾಲ್ಕು ಮೆಟ್ಟಿಲು ಹತ್ತಿದರೆ ತಿದಿಯಂತೆ ಏದುಸಿರು ಬಿಡುವ ತನ್ನ ಗತಿ ಅವನಿಗೂ ಗೊತ್ತಿತ್ತು. ಆಣೆ ಮಾಡಿ, ಬೇಯಿಸಿದ ಬೀನ್ಸಿನ ಡಬ್ಬಿ ಹಿಡಿದು ಅಂಗಡಿಗೆ ಬಂದು ಕೂತ.

ನಿವೃತ್ತ ಮೇಷ್ಟರು ಎಂದಿನಂತೆ ಕೇಕು ಮುರಿದು ಅರ್ಧ ಅವನತ್ತ ಚಾಚಿದರು.

"ಬೇಡ ಮೇಷ್ಟ್ರೇ."

ಮೇಷ್ಟರ ಕೈ ಗಾಳಿಯಲ್ಲೇ ನಿಂತಿತು. "ಬೇಡ್ವಾ? ನಿನಗಾ?" ಕೇಕನ್ನು ಮೂಸಿದರು. "ನಿನ್ನೇದಾ?"

"ಅಯ್ಯೋ, ಬಿಸಿ ಇದೆ ಮುಟ್ಟಿ ನೋಡಿ! ನಂಗೆ ಡಾಕ್ಟ್ರು..."

"ಡಾಕ್ಟ್ರಾ? ಇದನ್ನ ತಿಂದು ಡಾಕ್ಟ್ರ ಹತ್ರ ಹೋಗಿದ್ಯಾ?"

ಪಕ್ಕದ ತರಕಾರಿ ಅಂಗಡಿಯ ಅಕ್ಕ ಇದನ್ನು ಅರ್ಧ ಕೇಳಿ ಒಂದೂವರೆಯಾಗಿ ಹೇಳಿದಳು. ಅವಳ ಬಾಯಲ್ಲಿ ಹಿಟ್ಟಿಗೆ ಹಲ್ಲಿ ಬಿತ್ತು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಹಲ್ಲಿ ಬೆಳೆದು ಇಲಿಯಾಯಿತು. ಮಧ್ಯಾಹ್ನ ಎದುರುಮನೆಯ ದರ್ಜಿ ಇಣುಕಿ ನೋಡಿ ಕೂಗಿದ: "ಕೇಕ್ ಬಿಟ್ಟು ಬೀನ್ಸ್ ತಿಂತಿದಾನ್ರೋ! ಇನ್ನೇನು ಸಾಕ್ಷಿ ಬೇಕು?"

ಜನ ಸೇರಿದರು. ಬೇಕರಿಯವನ ತಾಳ್ಮೆ ಕಿತ್ತುಹೋಯಿತು. ಸ್ಟೂಲು ಹತ್ತಿ ನಿಂತ.

"ಇಲಿಯೂ ಇಲ್ಲ, ಹಲ್ಲಿಯೂ ಇಲ್ಲ! ಸಕ್ಕರೆ ಕಣ್ರೀ, ಸಕ್ಕರೆ! ದಿನಾ ತಿಂದು ತಿಂದು ನನ್ನ ಮಂಡಿ ನೋಡಿ, ಹೊಟ್ಟೆ ನೋಡಿ, ಈ ಉಸಿರು ನೋಡಿ! ಬುದ್ಧಿ ಇದ್ದೋನು ತರಕಾರಿ ತಿಂತಾನೆ!"

ಜನ ಅವನ ಹೊಟ್ಟೆ ನೋಡಿದರು. ಆಮೇಲೆ ತಂತಮ್ಮ ಹೊಟ್ಟೆ ನೋಡಿಕೊಂಡರು. "ನಿಜ ಕಣಯ್ಯ" ಎಂದು ಮೇಷ್ಟರು ಮೊದಲಾಗಿ ಎಲ್ಲರೂ ಪಕ್ಕದ ಅಂಗಡಿಗೆ ನುಗ್ಗಿದರು.

ಸಂಜೆಯವರೆಗೆ ಬೇಕರಿಯವನು ನೊಣ ಓಡಿಸುತ್ತಾ ಕೂತ. ಕೊನೆಗೆ ತರಕಾರಿ ಅಕ್ಕ ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತಾ ಬಂದಳು.

"ನಿಮ್ಮ ಪುಣ್ಯ ಅಣ್ಣಾ, ಒಂದು ಕ್ಯಾರೆಟ್ಟೂ ಉಳೀಲಿಲ್ಲ! ಮನೆ ತುಂಬ ನೆಂಟರು, ನಿಮ್ಮ ಕೇಕೆಲ್ಲಾ ನಂಗೇ ಕೊಟ್ಬಿಡಿ."

ಅವನ ಕಣ್ಣು ತುಂಬಿ ಬಂತು. ಕಟ್ಟಲು ಕಾಗದ ಹರಿದ.

"ಆದ್ರೂ ಆ ಇಲಿ ವಿಷಯ ತಲೇಲೇ ಕೂತಿದೆ ನೋಡಿ. ಮೊದ್ಲು ನೀವೊಂದು ಚೂರು ತಿಂದು ತೋರ್ಸಿ."

ಇಲಿಯ ಸುದ್ದಿ ಹುಟ್ಟಿದ್ದೇ ಅವಳ ಅಂಗಡಿಯಲ್ಲಿ! ಹಲ್ಲು ಕಡಿದು, ಅತ್ತಿತ್ತ ನೋಡಿ, ಒಂದು ದೊಡ್ಡ ತುಂಡನ್ನೇ ಬಾಯಿಗೆ ತುರುಕಿಕೊಂಡ. ಅದೇ ಗಳಿಗೆಗೆ ಹಿಂಬಾಗಿಲಲ್ಲಿ ಹೆಂಡತಿ ಕಂಡಳು. ಕೇಕು ಗಂಟಲಲ್ಲೇ ನಿಂತಿತು. ಕಣ್ಣು ಮೇಲೆ ಸಿಕ್ಕಿಕೊಂಡು, ಮುಖ ಬದನೆಕಾಯಿಯಾಯಿತು.

"ಅಯ್ಯಯ್ಯೋ! ಇಲಿ ನಿಜಾನೇ!" ಎಂದು ಚೀರುತ್ತಾ ತರಕಾರಿ ಅಕ್ಕ ಮುಂಬಾಗಿಲಿನಿಂದ ಓಡಿದಳು.

ಹಿಂಬಾಗಿಲಿನಿಂದ ಹೆಂಡತಿ ಹೊರಟಳು.