ತಂಗಿಗೆ ಕೇಳಿಸುವ ಪ್ರಾರ್ಥನೆ

ಮನೆ ಪ್ರಾರ್ಥನೆಗೆ ಹೋಗಿ ಬಂದವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಕಣ್ಣು ಮುಚ್ಚಿ ದೇವರಿಗೆ ಹೇಳುವ ಮಾತಿನಲ್ಲಿ ಅರ್ಧದಷ್ಟು ಪಕ್ಕದಲ್ಲಿ ಕೂತವರಿಗೆ ಹೇಳಿದ್ದು. ಸೊಸೆಗೆ ನೇರವಾಗಿ ಹೇಳಿದರೆ ಜಗಳ. "ಕರ್ತನೇ, ಈ ಮನೆ ಸೊಸೆಗೆ ಬೇಗ ಏಳೋ ಕೃಪೆ ಕೊಡಪ್ಪಾ" ಎಂದರೆ ಅವಳೂ "ಆಮೆನ್" ಅನ್ನಲೇಬೇಕು. ಜಕ್ಕೂರಿನ ನಮ್ಮ ಚಿಕ್ಕಪ್ಪ ಹೀಗೆ ಪ್ರಾರ್ಥಿಸಿಯೇ ಪಕ್ಕದವರ ಕೋಳಿಗಳನ್ನು ತಮ್ಮ ಹಿತ್ತಲಿನಿಂದ ದೂರವಿಟ್ಟಿದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಈ ವಿದ್ಯೆ ಮಾತ್ರ ಯಾರೂ ಕಲಿಸದೆ ಬಂತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಆರ್.ಟಿ. ನಗರದಲ್ಲಿ ಬಾಡಿಗೆಗಿದ್ದೆವು. ಅಪ್ಪ ಅಮ್ಮ ತೀರಿಕೊಂಡ ಮೇಲೆ ತಂಗಿ ಗ್ರೇಸಿ ನನ್ನ ಜೊತೆಗೇ ಇದ್ದಳು. ಬೋರ್‌ವೆಲ್ಲಿನಿಂದ ನೀರು ತರುವುದು, ನನ್ನ ಮಕ್ಕಳ ತಲೆ ಬಾಚುವುದು, ನಾನು ಹುಳಿ ಜಾಸ್ತಿ ಮಾಡಿದ ಸಾರನ್ನು ಸರಿಮಾಡುವುದು, ಎಲ್ಲ ಅವಳದೇ. ಎಸ್ಸೆಸ್ಸೆಲ್ಸಿ ಮುಗಿಸಿದ ಅವಳಿಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿತು. ನಾವು ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮುಸ್ಲಿಂ ಹೆಂಗಸು, "ಕಳಿಸ್‌ಬಿಡಮ್ಮಾ, ಬಚ್ಚಿ ತನ್ನ ಕಾಲ್ ಮೇಲೆ ನಿಂತ್ಕೊಳ್ಲಿ" ಎಂದರು. ಅದು ಲೋಕದ ಬುದ್ಧಿ ಎಂದು ನಾನು ತೀರ್ಮಾನಿಸಿದೆ. ದೇವರ ಬುದ್ಧಿ ಬೇರೆಯೇ ಇರಬೇಕಲ್ಲ!

ಅದನ್ನು ತಿಳಿಸುವ ಹೊಣೆಯನ್ನು ನಾನೇ ಹೊತ್ತೆ. ಆ ವಾರದ ಪ್ರಾರ್ಥನಾ ಕೂಟದಲ್ಲಿ ಗ್ರೇಸಿಯ ಪಕ್ಕ ಮೊಣಕಾಲೂರಿ, "ಕರ್ತನೇ, ಹಾಸ್ಟೆಲ್ ಸಾರು ನೀರು ನೀರಂತೆ, ವಾರ್ಡನ್ ಸಿಡುಕಿಯಂತೆ, ನನ್ನ ತಂಗಿ ಸೂಕ್ಷ್ಮದೋಳು ಅಂತ ನಿನಗೇ ಗೊತ್ತು" ಎಂದು ಶುರುಮಾಡಿ, ಕೊನೆಗೆ ನಿಜವಾಗಿಯೇ ಅತ್ತುಬಿಟ್ಟೆ. ಮಾರನೆಯ ದಿನ, "ದೇವರು ಬೇಡ ಅಂದ್ರು ಕಣೇ" ಎಂದೆ. ದೇವರ ದನಿ ಥೇಟ್ ನನ್ನ ದನಿಯ ಹಾಗೇ ಇದ್ದುದರಿಂದ ನನಗೇನೂ ಅನುಮಾನ ಬಂದಿರಲಿಲ್ಲ.

"ಸರಿ ಕಣಕ್ಕಾ" ಎಂದು ಅವಳು ಕೊಡ ಎತ್ತಿಕೊಂಡು ಹೋದಳು.

ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭಾಪಾಲಕರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು.

"ಗ್ರೇಸಿ ಹೋಗಲ್ವಂತೆ? ದೇವರೇ ಬೇಡ ಅಂದ್ರಂತೆ?"

"ಹೂಂ ಅಯ್ಯನೋರೇ."

"ಹೆಂಗ್ ಗೊತ್ತಾಯ್ತಮ್ಮಾ?"

"ಪ್ರಾರ್ಥನೆ ಮಾಡಿದ್ಮೇಲೆ ಮನಸ್ಸಿಗೆ ಸಮಾಧಾನ ಆಯ್ತು."

"ಯಾರ ಮನಸ್ಸಿಗೆ?"

ಅಷ್ಟು ಕೇಳಿ ಅವರು ಬೇರೆಯವರನ್ನು ಮಾತಾಡಿಸಲು ಹೋದರು. ಬೈದಿದ್ದರೆ ನಾನೂ ಎದುರು ಮಾತಾಡಬಹುದಿತ್ತು. ಪ್ರಶ್ನೆ ಕೇಳಿ ಹೋದವರನ್ನು ಏನು ಮಾಡುವುದು? ಮನೆಗೆ ಬಂದರೆ ಗ್ರೇಸಿ ಯೂನಿಫಾರ್ಮಿಗೆಂದು ತಂದಿದ್ದ ಬಿಳಿ ಬಟ್ಟೆಯನ್ನು ನನ್ನ ಕಿರಿಮಗಳ ಮೈಗೆ ಹಿಡಿದು ಲಂಗಕ್ಕೆ ಅಳತೆ ನೋಡುತ್ತಿದ್ದಳು.

"ಅದನ್ನ ಕತ್ತರಿಸ್ಬೇಡ ಕಣೇ. ಬೇಡ ಅಂದಿದ್ದು ನಾನು. ದೇವರು ಏನೂ ಹೇಳ್ಲಿಲ್ಲ."

"ಗೊತ್ತಿತ್ತು. ದೇವರು ಯಾವತ್ತಾದ್ರೂ ಹಾಸ್ಟೆಲ್ ಸಾರಿನ ವಿಚಾರ ಮಾತಾಡ್ತಾರಾ?"

"ಮತ್ತೆ ಯಾಕೇ ಒಪ್ಕೊಂಡೆ?"

"ಅಳು ನಿಜ ಇತ್ತಲ್ಲಕ್ಕಾ."

ಅವಳು ಮೈಸೂರಿಗೆ ಹೋದಳು. ನೀರಿನ ಕೊಡ ಅಷ್ಟು ಭಾರವೆಂದು ನನಗೆ ಆಗಲೇ ಗೊತ್ತಾದದ್ದು. ಡಿಸೆಂಬರಿನಲ್ಲಿ ಕಾಗದ ಬಂತು. ಕ್ರಿಸ್ಮಸ್ಸಿಗೆ ವಾರ್ಡಿನಲ್ಲಿ ಯಾರಾದರೂ ಉಳಿಯಬೇಕಂತೆ, ಮಕ್ಕಳಿಲ್ಲದ ಒಬ್ಬ ಅಜ್ಜಿ ಇವಳ ಕೈ ಬಿಡುತ್ತಿಲ್ಲವಂತೆ. "ಬರ್ಲಾ, ಇರ್ಲಾ? ಪ್ರಾರ್ಥನೆ ಮಾಡಿ ಹೇಳಕ್ಕಾ" ಎಂದು ಬರೆದಿದ್ದಳು. ನಾನಾಗಲೇ ಅವಳಿಗೆಂದು ಕ್ರಿಸ್ಮಸ್ ತಿಂಡಿ ಕಲ್‌ಕಲ್ ಕರಿದು ಡಬ್ಬಿ ತುಂಬಿಟ್ಟಿದ್ದೆ. ಬಾಗಿಲು ಹಾಕಿಕೊಂಡು, ಈ ಸಲ ಯಾರಿಗೂ ಕೇಳಿಸದ ಹಾಗೆ ಪ್ರಾರ್ಥಿಸಿದೆ. ಅವಳು ಅಲ್ಲೇ ಇರಲಿ ಎಂದೇ ಅನ್ನಿಸಿತು. ನನ್ನ ಮನಸ್ಸಿಗೆ ಒಂದಿಷ್ಟೂ ಸಮಾಧಾನವಾಗಲಿಲ್ಲ. ಹಾಗಾದರೆ ಹೇಳಿದ್ದು ದೇವರೇ ಇರಬೇಕು. "ಇರು ಕಣೇ" ಎಂದು ಬರೆದು ಅಂಚೆ ಡಬ್ಬಿಯವರೆಗೂ ಹೋದೆ. ಹಾಕುವ ಮುಂಚೆ ಅಲ್ಲೇ ನಿಂತು ಇನ್ನೊಂದು ಸಲ ಕಣ್ಣು ಮುಚ್ಚಿದೆ, ಆತನ ಮನಸ್ಸೇನಾದರೂ ಬದಲಾಗಿದೆಯೋ ಏನೋ ಎಂದು.